ಬೆನ್ನಿನ ಆಪರೇಷನ್ ಆದ ಮೇಲೂ ನೋವು ಉಳಿದರೆ: ಹಾಸನ, ಚಿಕ್ಕಮಗಳೂರು ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮುಗಿದು, ಹೊಲಿಗೆ ಬಿಚ್ಚಿ, ಮೂರು ತಿಂಗಳು ಕಳೆದರೂ ಸೊಂಟದ ನೋವೋ ಕಾಲಿನ ಸೆಳೆತವೋ ಬಿಡದೆ ಕಾಡುತ್ತಿದ್ದರೆ ವೈದ್ಯಶಾಸ್ತ್ರ ಅದನ್ನು ಒಂದು ಪ್ರತ್ಯೇಕ ಸಮಸ್ಯೆಯಾಗಿಯೇ ನೋಡುತ್ತದೆ. ಹಿಂದೆ ಇದಕ್ಕೆ ‘ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್’ ಎನ್ನುತ್ತಿದ್ದರು. ಆ ಹೆಸರು ಕೇಳಿದರೆ ಆಪರೇಷನ್ ಕೆಟ್ಟಿತು, ಇನ್ನು ದಾರಿಯಿಲ್ಲ ಎಂಬ ಅರ್ಥ ಬರುವುದರಿಂದ 2021ರಲ್ಲಿ ತಜ್ಞರು ‘ಪರ್ಸಿಸ್ಟೆಂಟ್ ಸ್ಪೈನಲ್ ಪೇನ್ ಸಿಂಡ್ರೋಮ್, ಟೈಪ್ 2’ ಎಂಬ ಹೆಸರನ್ನು ಸೂಚಿಸಿದರು. ಬೇರೆ ಬೇರೆ ಅಧ್ಯಯನಗಳ ಪ್ರಕಾರ ಸೊಂಟದ ಆಪರೇಷನ್ ಮಾಡಿಸಿಕೊಂಡ ನೂರರಲ್ಲಿ 10ರಿಂದ 40 ಮಂದಿಗೆ ಒಂದಲ್ಲ ಒಂದು ಮಟ್ಟದ ನೋವು ಉಳಿಯುತ್ತದೆ.

ನಾನೂ ಅವರಲ್ಲೊಬ್ಬ. ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಸೊಂಟದ ಕೆಳಗಿನ ಮೂರು ಮೂಳೆಗಳನ್ನು ಸ್ಕ್ರೂ, ರಾಡು ಹಾಕಿ ಬೆಸೆದ ಮೇಲೆ ಐದು ತಿಂಗಳು ಹಾಯಾಗಿದ್ದೆ; ಆರನೆಯ ತಿಂಗಳಿಗೆ ನೋವು ಬೇರೆ ರೂಪದಲ್ಲಿ ಬಂತು. ಮುಂದಿನ ಒಂದು ವರ್ಷ ನಾನು ಮಾಡಿದ ದೊಡ್ಡ ತಪ್ಪೆಂದರೆ, ಇದು ಯಾವ ನೋವು ಎಂದು ತಿಳಿಯುವ ಮೊದಲೇ ಚಿಕಿತ್ಸೆ ಹುಡುಕುತ್ತ ಅಲೆದದ್ದು. ಆದ್ದರಿಂದ ಇಲ್ಲಿ ಹೇಳಿರುವ ಹೆಜ್ಜೆಗಳ ಕ್ರಮವನ್ನು ದಯವಿಟ್ಟು ಗಮನಿಸಿ. ಚಿಕಿತ್ಸೆಗಳು ಹಲವು ಇವೆ. ಆದರೆ ಒಂದೊಂದೂ ಒಂದೊಂದು ಬಗೆಯ ನೋವಿಗೆ ಮಾತ್ರ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಲಕ್ಷಣಗಳು

ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ಕುಳಿತಾಗ ನೆಲಕ್ಕೆ ತಾಗುವ ಭಾಗ ಮತ್ತು ತೊಡೆಯ ಸಂದಿ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರಿಹೋಗುವುದು, ಎರಡೂ ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಈ ಬರಹವನ್ನು ಬದಿಗಿಟ್ಟು ಅಂದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿದ್ದರೆ ಗಂಟೆಗಳ ವಿಳಂಬವೂ ಶಾಶ್ವತ ಊನಕ್ಕೆ ಕಾರಣವಾಗಬಲ್ಲದು. ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಗಾಯದಿಂದ ಕೀವು ಸೋರುವುದು, ಮಲಗಿದರೂ ತಗ್ಗದ ನೋವು ಇವು ಸೋಂಕಿನ ಸೂಚನೆಗಳಿರಬಹುದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವಲ್ಲವಾದ್ದರಿಂದ ಅದನ್ನೂ ವೈದ್ಯರು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಎರಡನೆಯ ಹೆಜ್ಜೆ: ಕಾಗದಪತ್ರ ಮತ್ತು ನೋವಿನ ಲೆಕ್ಕ

ಹೊಸ ವೈದ್ಯರ ಬಳಿ ಹೋಗುವ ಮೊದಲು ಮೂರು ವಸ್ತುಗಳನ್ನು ಒಂದು ಚೀಲದಲ್ಲಿ ಹಾಕಿಡಿ: ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಆಪರೇಷನ್ನಿಗೆ ಮುಂಚಿನ ಮತ್ತು ನಂತರದ ಸ್ಕ್ಯಾನ್‌ಗಳು. ಡಿಸ್ಚಾರ್ಜ್ ಸಮ್ಮರಿ ಎಲ್ಲರ ಬಳಿಯೂ ಇರುತ್ತದೆ; ಆಪರೇಷನ್ ನೋಟ್ಸನ್ನು ಮಾತ್ರ ಕೇಳಿ ಪಡೆಯಬೇಕು. ಯಾವ ಮಟ್ಟದಲ್ಲಿ, ಯಾವ ಬದಿಯಲ್ಲಿ, ಎಷ್ಟು ಮೂಳೆ ತೆಗೆದರು, ಯಾವ ಲೋಹದ ಸ್ಕ್ರೂ ಹಾಕಿದರು ಎಂಬುದು ಅದರಲ್ಲಿರುತ್ತದೆ. ನಾನು ಅದನ್ನು ಪಡೆಯಲು ಎರಡು ಬಾರಿ ಅರ್ಜಿ ಕೊಡಬೇಕಾಯಿತು, ಆದರೆ ಆ ಒಂದು ಹಾಳೆಯಿಂದ ಮುಂದಿನ ವೈದ್ಯರ ಅರ್ಧ ಅನುಮಾನ ಪರಿಹಾರವಾಯಿತು.

ನೋವಿನ ಲೆಕ್ಕಕ್ಕೆ ಗೋಡೆಗೆ ನೇತು ಹಾಕುವ ಕ್ಯಾಲೆಂಡರೇ ಸಾಕು. ದಿನದ ಚೌಕದಲ್ಲಿ ಸೊಂಟಕ್ಕೊಂದು, ಕಾಲಿಗೊಂದು ಅಂಕ, ಹತ್ತಕ್ಕೆ ಎಷ್ಟು ಎಂದು. ಪಕ್ಕದಲ್ಲಿ ಅಂದು ಮಾಡಿದ ಕೆಲಸ ಎರಡು ಪದಗಳಲ್ಲಿ: ‘ಹಾಲು ಕರೆದೆ’, ‘ಬಸ್ಸು ಹಾಸನ’, ‘ಮಲಗಿದ್ದೆ’. ನಾಲ್ಕು ವಾರ ಬರೆದ ಮೇಲೆ ನನಗೇ ಅಚ್ಚರಿಯಾದದ್ದು, ತೋಟ ಸುತ್ತಿದ ದಿನಗಳಿಗಿಂತ ಮಲಗಿಯೇ ಇದ್ದ ದಿನಗಳ ಮರುದಿನ ನೋವಿನ ಅಂಕ ಹೆಚ್ಚಾಗಿದ್ದದ್ದು. ಕಾಲು ನೋವೂ ಸೊಂಟ ನೋವೂ ಬೇರೆ ಬೇರೆ ಅಂಕ ಪಡೆಯುವುದು ಮುಖ್ಯ, ಏಕೆಂದರೆ ಅವುಗಳ ಚಿಕಿತ್ಸೆಯೂ ಬೇರೆ.

ಮೂರನೆಯ ಹೆಜ್ಜೆ: ನೋವು ಎಲ್ಲಿ ಹುಟ್ಟುತ್ತಿದೆ ಎಂದು ಕಂಡುಹಿಡಿಯುವುದು

ಇದೇ ಇಡೀ ವಿಷಯದ ಕೇಂದ್ರ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಪರೇಷನ್ ನಂತರ ಹಳೆಯ ಕಾಲುಸೆಳೆತ ಒಂದು ದಿನವೂ ಬಿಡಲಿಲ್ಲವೆಂದರೆ ನರದ ಮೇಲಿನ ಒತ್ತಡ ಪೂರ್ತಿ ತೆಗೆದಿಲ್ಲದಿರಬಹುದು, ನರ ಹೊರಬರುವ ಕಿಂಡಿ ಇನ್ನೂ ಕಿರಿದಾಗಿರಬಹುದು, ಮೊದಲಿನ ರೋಗನಿರ್ಣಯವೇ ಬೇರೆ ಇರಬೇಕಾಗಿದ್ದಿರಬಹುದು, ಇಲ್ಲವೇ ಬಹುಕಾಲ ಒತ್ತಿದ್ದ ನರವೇ ಕೆಟ್ಟಿರಬಹುದು. ಕೆಲವು ತಿಂಗಳು ಚೆನ್ನಾಗಿದ್ದು ಒಮ್ಮೆಲೇ ಅದೇ ಕಾಲಿನಲ್ಲಿ ಮರಳಿ ಬಂದರೆ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಮತ್ತೆ ಹೊರಚಾಚಿರುವ ಸಾಧ್ಯತೆ ಹೆಚ್ಚು. ನಿಧಾನವಾಗಿ ಉರಿ, ಜೋಮು, ವಿದ್ಯುತ್ ಹರಿದಂತಹ ಅನುಭವದೊಡನೆ ಏರುತ್ತ ಬಂದರೆ ನರದ ಸುತ್ತ ಗಾಯದ ಕಲೆ ಕಟ್ಟಿಕೊಂಡಿರಬಹುದು. ವರ್ಷಗಳ ನಂತರ ಬಂದರೆ, ಬೆಸೆದ ಮೂಳೆಗಳ ಮೇಲಿನ ಅಥವಾ ಕೆಳಗಿನ ಸಂದು ಹೆಚ್ಚಿನ ಭಾರ ಹೊತ್ತು ಸವೆದಿರಬಹುದು. ಮೂಳೆ ಬೆಸೆದುಕೊಳ್ಳದೆ ಸ್ಕ್ರೂ ಸಡಿಲವಾಗಿದ್ದರೆ ನಿಂತು ಬಗ್ಗಿದಾಗ ಸೊಂಟದಲ್ಲೇ ಆಳವಾದ ನೋವು ಬರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಬೆಸುಗೆ ಕೂಡದಿರುವುದು ಹೆಚ್ಚು.

ಬೆನ್ನಿಗೆ ಸಂಬಂಧವೇ ಇಲ್ಲದ ಕಾರಣಗಳೂ ಉಂಟು. ತೊಡೆಮೂಳೆ ಕೂಡುವ ಕೀಲು (ಹಿಪ್ ಜಾಯಿಂಟ್) ಸವೆದಿದ್ದರೆ ತೊಡೆಸಂದಿಯಲ್ಲಿ ನೋವು. ಸಕ್ಕರೆ ಕಾಯಿಲೆಯಿಂದಲೋ ವಿಟಮಿನ್ ಬಿ12 ಕೊರತೆಯಿಂದಲೋ ನರ ಕೆಟ್ಟಿದ್ದರೆ ಎರಡೂ ಪಾದಗಳಲ್ಲಿ ಉರಿ. ಕಾಲಿನ ರಕ್ತನಾಳ ಕಟ್ಟಿದ್ದರೆ ನಡೆದಾಗ ಮೀನಖಂಡ ಬಿಗಿಯುತ್ತದೆ; ಆದರೆ ಅದು ಸುಮ್ಮನೆ ನಿಂತರೂ ತಗ್ಗುತ್ತದೆ, ನರ ಒತ್ತಿದ ನೋವಾದರೆ ಕುಳಿತಾಗ ಅಥವಾ ಮುಂದಕ್ಕೆ ಬಾಗಿದಾಗ ಮಾತ್ರ ತಗ್ಗುತ್ತದೆ. ನಡೆಯಲಾಗದಿದ್ದರೂ ಸೈಕಲ್ ತುಳಿಯಬಲ್ಲೆ ಎನ್ನುವವರಲ್ಲಿ ಹೆಚ್ಚಾಗಿ ಬೆನ್ನಿನದೇ ಸಮಸ್ಯೆ.

ನನ್ನ ವಿಷಯದಲ್ಲಿ ಆದದ್ದನ್ನು ಹೇಳುತ್ತೇನೆ. ಹಿಂದಿನ ವೈದ್ಯರೊಬ್ಬರು ಸ್ಕ್ಯಾನ್ ಚೆನ್ನಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕಳಿಸಿದ್ದರು. ಮುಂದೆ ಕಂಡ ನೋವುತಜ್ಞರು ಸ್ಕ್ಯಾನ್ ನೋಡುವ ಮೊದಲು, “ನೋವು ಎಲ್ಲಿ? ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ” ಎಂದರು. ಹಸ್ತವಿಡೀ ಸವರುತ್ತಿದ್ದ ನಾನು ತಡೆದು, ಪೃಷ್ಠದ ಮೇಲ್ಭಾಗದ ಗುಳಿಗೆ ತುಸು ಕೆಳಗೆ, ಒಳಬದಿಗೆ ಬೆರಳಿಟ್ಟೆ. ಒಂದು ನಿಮಿಷ ಬಿಟ್ಟು ಮತ್ತೆ ತೋರಿಸಿ ಎಂದರು. ಬೆರಳು ಅಲ್ಲಿಗೇ ಹೋಯಿತು. ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆಯಾದ ತ್ರಿಕಾಸ್ಥಿ ಮತ್ತು ಕಟಿಮೂಳೆ ಕೂಡುವ ಸ್ಯಾಕ್ರೋ ಇಲಿಯಾಕ್ ಕೀಲು ಅದು. ಮೇಲಿನ ಮೂಳೆಗಳನ್ನು ತ್ರಿಕಾಸ್ಥಿಯವರೆಗೆ ಬೆಸೆದಾಗ ಭಾರವೆಲ್ಲ ಆ ಕೀಲಿಗೆ ಇಳಿಯುವುದು ಸಾಮಾನ್ಯ, ಎಂಆರ್‌ಐಯಲ್ಲಿ ಅದು ಕಾಣದಿರುವುದೂ ಸಾಮಾನ್ಯ.

ಪರೀಕ್ಷೆಗಳ ಪೈಕಿ ಮುಖ್ಯವಾದದ್ದು ಗ್ಯಾಡೊಲಿನಿಯಂ ಎಂಬ ಔಷಧ ಕೊಟ್ಟು ತೆಗೆಯುವ ಕಾಂಟ್ರಾಸ್ಟ್ ಎಂಆರ್‌ಐ. ಗಾಯದ ಕಲೆಗೆ ರಕ್ತ ಹರಿಯುವುದರಿಂದ ಅದು ಚಿತ್ರದಲ್ಲಿ ಬೆಳಗುತ್ತದೆ, ಹೊರಚಾಚಿದ ಡಿಸ್ಕ್ ಬೆಳಗುವುದಿಲ್ಲ. ಇವೆರಡನ್ನು ಬೇರ್ಪಡಿಸಲು ಇದೇ ಉತ್ತಮ ದಾರಿ. ಮೂತ್ರಪಿಂಡದ ತೊಂದರೆ ಇದ್ದವರು ಮೊದಲೇ ತಿಳಿಸಬೇಕು. ಮುಂದಕ್ಕೂ ಹಿಂದಕ್ಕೂ ಬಾಗಿ ತೆಗೆಸುವ ಎಕ್ಸ್‌ರೇ ಮೂಳೆಯ ಅಲುಗಾಟವನ್ನೂ, ಸಿ.ಟಿ. ಸ್ಕ್ಯಾನ್ ಬೆಸುಗೆ ಮತ್ತು ಸ್ಕ್ರೂಗಳ ಸ್ಥಿತಿಯನ್ನೂ ತೋರಿಸುತ್ತವೆ. ಇ.ಎಸ್.ಆರ್., ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳು ಸೋಂಕಿನ ಸುಳಿವು ಕೊಡುತ್ತವೆ.

ನಾಲ್ಕನೆಯ ಹೆಜ್ಜೆ: ಅಳೆದು ನಡೆಯುವುದು, ಬಗ್ಗುವುದನ್ನು ಹೊಸದಾಗಿ ಕಲಿಯುವುದು

ಕಾರಣ ಯಾವುದೇ ಇರಲಿ, ತುರ್ತು ಲಕ್ಷಣಗಳಿಲ್ಲದಿದ್ದರೆ ಚಿಕಿತ್ಸೆಯ ಬುನಾದಿ ವ್ಯಾಯಾಮವೇ. ಆದರೆ ‘ಒಳ್ಳೆಯ ದಿನ’ ಬಂತೆಂದು ಬಾಕಿ ಕೆಲಸವೆಲ್ಲ ಮಾಡಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುವ ಚಕ್ರದಿಂದ ಹೊರಬರಬೇಕು. ನೋವು ಏರುವ ಮೊದಲು ಎಷ್ಟು ನಿಮಿಷ ನಡೆಯಬಲ್ಲಿರೆಂದು ಮೂರು ದಿನ ನೋಡಿ. ಹತ್ತು ನಿಮಿಷವಾದರೆ ಎಂಟು ನಿಮಿಷದಿಂದ ಶುರುಮಾಡಿ, ಒಳ್ಳೆಯ ದಿನವೂ ಎಂಟೇ, ಕೆಟ್ಟ ದಿನವೂ ಆದಷ್ಟು ಎಂಟೇ. ವಾರಕ್ಕೆ ಒಂದೆರಡು ನಿಮಿಷ ಏರಿಸಿ. ವ್ಯಾಯಾಮದ ನಂತರ ನೋವು ಹತ್ತರಲ್ಲಿ ಎರಡು ಅಂಕ ಏರಿ ಒಂದು ದಿನದೊಳಗೆ ಮೊದಲಿನಂತಾದರೆ ಹೆದರಬೇಕಿಲ್ಲ. ಅದಕ್ಕಿಂತ ಹೆಚ್ಚು ಉಳಿದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಮಲೆನಾಡಿನ ಮಳೆಗಾಲದಲ್ಲಿ ಜಾರುವ ಇಳಿಜಾರಿನಲ್ಲಿ ನಡೆಯುವುದಕ್ಕಿಂತ ಮನೆಯ ಜಗಲಿಯಲ್ಲಿ ಹತ್ತಾರು ಸುತ್ತು ಹಾಕುವುದು ಕ್ಷೇಮ.

ಬೆನ್ನು ಬಾಗಿಸದೆ ತೊಡೆಯ ಸಂದಿನಿಂದ ಬಗ್ಗುವುದನ್ನು ಫಿಸಿಯೋಥೆರಪಿಸ್ಟ್ ನನಗೆ ಕೋಲಿನಿಂದ ಕಲಿಸಿದರು. ಉದ್ದನೆಯ ನೇರ ಕೋಲನ್ನು ಬೆನ್ನ ಹಿಂದೆ ನಿಲ್ಲಿಸಿ ಹಿಡಿಯಬೇಕು; ಅದು ತಲೆಯ ಹಿಂಭಾಗ, ಹೆಗಲ ಮೂಳೆಗಳ ನಡುವೆ, ಬಾಲಮೂಳೆ ಈ ಮೂರು ಕಡೆ ತಾಗಿರಬೇಕು. ಮಂಡಿ ತುಸು ಸಡಿಲಿಸಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ತಳ್ಳುವ ಹಾಗೆ ಹಿಂದಕ್ಕೆ ಸರಿಯುತ್ತ ಬಗ್ಗಬೇಕು. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟುಕೊಂಡಿತೆಂದರೆ ಬೆನ್ನು ಬಾಗಿತೆಂದೇ ಅರ್ಥ. ದಿನಕ್ಕೆ ಹತ್ತು ಹತ್ತರಂತೆ ಎರಡು ಸಲ, ಮೂರು ವಾರದಲ್ಲಿ ಕೋಲಿಲ್ಲದೆ ಬಂತು. ಇದರ ಜೊತೆ ಮಲಗಿ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿ ಎದುರುಬದುರು ಕೈಕಾಲು ಚಾಚುವುದು ಇವನ್ನು ಹೇಳಿಕೊಡುತ್ತಾರೆ. ಮೂಳೆ ಬೆಸೆದವರು ಶಸ್ತ್ರವೈದ್ಯರ ಒಪ್ಪಿಗೆ ಪಡೆದ ಮೇಲೆಯೇ ಇವನ್ನು ಆರಂಭಿಸಬೇಕು.

ನಮ್ಮ ಕಡೆಯ ಕೆಲಸಗಳಿಗೆ ಇದನ್ನು ಹೊಂದಿಸಿಕೊಳ್ಳುವುದೇ ನಿಜವಾದ ಚಿಕಿತ್ಸೆ. ಹಾಲು ಕರೆಯಲು ಕುಕ್ಕರುಗಾಲಿನ ಬದಲು ಎತ್ತರದ ಮಣೆ. ಸ್ನಾನದ ಬಕೆಟ್ಟು ನೆಲದ ಮೇಲಲ್ಲ, ಸ್ಟೂಲಿನ ಮೇಲೆ. ಶೌಚಕ್ಕೆ ಕಮೋಡು, ಅಥವಾ ಈಗಿರುವುದರ ಮೇಲೆ ಇಡುವ ಕುರ್ಚಿ. ಕಾಫಿ ಹಣ್ಣು ಕೊಯ್ಯುವಾಗ ಚೀಲ ತುಂಬುವ ತನಕ ಕಾಯದೆ ಅರ್ಧಕ್ಕೇ ಸುರಿದು ಬರುವುದು, ನೆಲಕ್ಕೆ ಉದುರಿದ್ದನ್ನು ಹೆಕ್ಕುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಬಿಡುವುದು. ಹಾಸನ ಸೀಮೆಯ ಆಲೂಗಡ್ಡೆ, ಶುಂಠಿ ಮೂಟೆಗಳ ವಿಷಯವಂತೂ ಹೇಳಬೇಕಾಗಿಯೇ ಇಲ್ಲ, ಐವತ್ತು ಕೆ.ಜಿ. ಮೂಟೆಯನ್ನು ಆಪರೇಷನ್ ಆದ ಬೆನ್ನು ಹೊರಕೂಡದು.

ಐದನೆಯ ಹೆಜ್ಜೆ: ಮಾತ್ರೆಗಳನ್ನು ಅರಿತು ನುಂಗುವುದು

ಸೊಂಟದ ಸ್ನಾಯು ಕೀಲುಗಳ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಕೆಲವು ದಿನಗಳ ಮಟ್ಟಿಗೆ ನೆರವಾಗುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ ಆಗಬಹುದು. ಮೆಡಿಕಲ್ ಶಾಪಿನಲ್ಲಿ ‘ಸೊಂಟನೋವಿಗೆ ಒಂದು ಸೆಟ್ ಕೊಡಿ’ ಎಂದು ಕೇಳುವ ಅಭ್ಯಾಸವನ್ನು ಕೈಮುಗಿದು ಬಿಡಬೇಕು.

ಕಾಲಿನ ಉರಿ, ಸೆಳೆತ, ಜೋಮು ನರದ ನೋವು. ಅದಕ್ಕೆ ಮೇಲಿನ ಮಾತ್ರೆಗಳು ಹೆಚ್ಚು ಕೆಲಸ ಮಾಡವು. ಪ್ರಿಗಾಬಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಇವುಗಳಲ್ಲಿ ಒಂದನ್ನು ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸಿ ವಾರ ವಾರಕ್ಕೆ ಏರಿಸುತ್ತಾರೆ. ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂನಿಂದ ಶುರುವಾಗುತ್ತದೆ, ಅದು ಖಿನ್ನತೆಯ ಔಷಧ ಎಂದು ಪೊಟ್ಟಣ ನೋಡಿ ನೊಂದುಕೊಳ್ಳಬೇಡಿ, ಇಷ್ಟು ಸಣ್ಣ ಪ್ರಮಾಣದಲ್ಲಿ ಅದನ್ನು ಕೊಡುವುದು ನರದ ನೋವಿಗೇ. ಮೊದಲ ದಿನಗಳಲ್ಲಿ ಮಂಪರು, ತಲೆಸುತ್ತು ಬರುವುದುಂಟು. ಆ ಅವಧಿಯಲ್ಲಿ ಬೈಕು ಓಡಿಸುವುದು, ಮೆಣಸು ಕೊಯ್ಯಲು ಏಣಿ ಹತ್ತುವುದು ಬೇಡ. ಫಲ ಗೊತ್ತಾಗಲು ಕೆಲವು ವಾರ ಬೇಕು. ಬಿಡಬೇಕಾದಾಗಲೂ ಒಮ್ಮೆಲೇ ಬಿಡದೆ ಹಂತ ಹಂತವಾಗಿ ಇಳಿಸಬೇಕು. ಕಾಲುನೋವೇ ಇಲ್ಲದ, ಬರೀ ಸೊಂಟನೋವಿನವರಿಗೆ ಪ್ರಿಗಾಬಲಿನ್‌ನಿಂದ ಲಾಭ ಕಡಿಮೆ, ತೂಕಡಿಕೆ ಮಾತ್ರ ಉಳಿಯುತ್ತದೆ.

ಅಫೀಮು ಜಾತಿಯ ಔಷಧಗಳಲ್ಲೊಂದಾದ ಟ್ರಾಮಡಾಲನ್ನು 2018ರಲ್ಲಿ ಮಾದಕವಸ್ತು ನಿಯಂತ್ರಣ ಕಾಯಿದೆಯಡಿ ತಂದದ್ದು ಸುಮ್ಮನೆ ಅಲ್ಲ. ದೀರ್ಘಕಾಲದ ಬೆನ್ನುನೋವಿನಲ್ಲಿ ಈ ಜಾತಿಯ ಔಷಧಗಳ ಲಾಭ ಅಲ್ಪ, ಮಲಬದ್ಧತೆ ಮತ್ತು ಅವಲಂಬನೆಯ ಅಪಾಯ ಹೆಚ್ಚು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರ ಮೂಲಕ ಇಳಿಸಿಕೊಳ್ಳಲಿ.

ಆರನೆಯ ಹೆಜ್ಜೆ: ಗುರಿಯಿಟ್ಟು ಕೊಡುವ ಇಂಜೆಕ್ಷನ್

ಮೂರನೆಯ ಹೆಜ್ಜೆ ಸರಿಯಾಗಿ ಆಗಿದ್ದರೆ ಮಾತ್ರ ಇದಕ್ಕೆ ಅರ್ಥ. ಕಾಲಿಗೆ ಇಳಿಯುವ ನರದ ನೋವಿಗೆ ಎಪಿಡ್ಯೂರಲ್ ಸ್ಟೆರಾಯ್ಡ್ ಇಂಜೆಕ್ಷನ್: ಸಿ-ಆರ್ಮ್ ಎಕ್ಸ್‌ರೇ ಪರದೆಯಲ್ಲಿ ಸೂಜಿಯ ದಾರಿ ನೋಡುತ್ತ, ಊದಿದ ನರದ ಬಳಿ ಔಷಧ ಬಿಡುತ್ತಾರೆ. ನಿರಾಳತೆ ಸಿಕ್ಕರೆ ಅದು ವಾರಗಳಿಂದ ಕೆಲವು ತಿಂಗಳವರೆಗೆ. ಆ ಬಿಡುವನ್ನು ವ್ಯಾಯಾಮಕ್ಕೆ ಬಳಸಿಕೊಳ್ಳದಿದ್ದರೆ ಅದು ಕಳೆದುಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುವುದರಿಂದ ದಿನವೂ ಪರೀಕ್ಷಿಸಿಕೊಳ್ಳಬೇಕು. ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು ಮುಂಚಿತವಾಗಿ ಹೇಳಬೇಕು, ಆದರೆ ತಾವಾಗಿ ನಿಲ್ಲಿಸಬಾರದು. ಗಾಯದ ಕಲೆಯೇ ಕಾರಣವಾಗಿದ್ದರೆ ಸಣ್ಣ ಕೊಳವೆ ಇಳಿಸಿ ಅಂಟು ಬಿಡಿಸುವ ಅಡ್ಹೀಸಿಯೋಲೈಸಿಸ್ ಎಂಬ ವಿಧಾನವೂ ಇದೆ.

ಬೆನ್ನುಮೂಳೆಯ ಹಿಂಬದಿಯ ಸಣ್ಣ ಕೀಲುಗಳಿಂದ ನೋವು ಬರುತ್ತಿದ್ದರೆ ಅವುಗಳ ನರಕ್ಕೆ ಮೊದಲು ಮರಗಟ್ಟಿಸುವ ಔಷಧ ಕೊಟ್ಟು ನೋಡುತ್ತಾರೆ. ಆ ಕೆಲವು ಗಂಟೆ ನೋವು ಚೆನ್ನಾಗಿ ತಗ್ಗಿದರೆ, ರೇಡಿಯೋಫ್ರೀಕ್ವೆನ್ಸಿ ಶಾಖದಿಂದ ಆ ಸಣ್ಣ ನರವನ್ನು ಸುಡುತ್ತಾರೆ. ನರ ಮತ್ತೆ ಬೆಳೆಯುವುದರಿಂದ ಪರಿಣಾಮ ಸುಮಾರು ಆರು ತಿಂಗಳಿಂದ ಒಂದು ವರ್ಷ. ಬೇಕಾದರೆ ಮತ್ತೆ ಮಾಡಬಹುದು. ನನಗೆ ಸ್ಯಾಕ್ರೋ ಇಲಿಯಾಕ್ ಕೀಲಿಗೆ ಇಂಜೆಕ್ಷನ್ ಕೊಟ್ಟ ಸಂಜೆ, ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಎಡಮಗ್ಗುಲಾಗಿ ಮಲಗಿದೆ. ಅದು ಪೂರ್ತಿ ವಾಸಿಯಲ್ಲ, ರೋಗನಿರ್ಣಯ ಸರಿ ಎಂಬುದಕ್ಕೆ ಸಾಕ್ಷಿ ಎಂದು ವೈದ್ಯರು ಬಿಡಿಸಿ ಹೇಳಿದರು.

ಏಳನೆಯ ಹೆಜ್ಜೆ: ನಿದ್ದೆ ಮತ್ತು ಮನಸ್ಸು

ವರ್ಷಗಟ್ಟಲೆ ನೋವು ಉಂಡ ನರವ್ಯೂಹ ಅತಿಸೂಕ್ಷ್ಮವಾಗುತ್ತದೆ. ನಿದ್ದೆಗೆಟ್ಟರೆ, ಹೆದರಿದರೆ ಅದು ಇನ್ನೂ ಕೆರಳುತ್ತದೆ. ಮನಃಶಾಸ್ತ್ರಜ್ಞರ ಬಳಿ ಪಡೆಯುವ ವರ್ತನಾ ಚಿಕಿತ್ಸೆ ನೋವಿನ ಹೆದರಿಕೆಯನ್ನು ತಗ್ಗಿಸಿ ಓಡಾಟ ಹೆಚ್ಚಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ನೋವಿನಿಂದ ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಆಯುರ್ವೇದ ಮತ್ತು ನಾಟಿ ಚಿಕಿತ್ಸೆಯ ವಿಷಯ

ಹಾಸನದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಆಸ್ಪತ್ರೆಯಂಥ ಸಂಸ್ಥೆ ಹತ್ತಿರದಲ್ಲೇ ಇರುವುದರಿಂದ ಅಭ್ಯಂಗ (ಎಣ್ಣೆ ತಿಕ್ಕುವುದು), ಕಟಿಬಸ್ತಿ (ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವುದು) ಇವನ್ನು ನಮ್ಮ ಕಡೆಯವರು ಸಹಜವಾಗಿ ನೆನೆಯುತ್ತಾರೆ. ಬಿಗಿದ ಸ್ನಾಯುಗಳಿಗೆ ಬಿಸಿಯೂ ಎಣ್ಣೆಯೂ ಹಿತ ಕೊಡುತ್ತವೆ. ಬೆನ್ನಿನಲ್ಲಿ ಲೋಹವಿದೆ, ಯಾವ ಮಾತ್ರೆ ನುಂಗುತ್ತಿದ್ದೇನೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಆದರೆ ಸೊಂಟ ಎಳೆಸುವುದು, ತುಳಿಸುವುದು, ತಿರುಚಿ ‘ಲಟಕ್’ ಎನಿಸುವುದು ಆಪರೇಷನ್ ಆದ ಬೆನ್ನಿಗೆ ಖಂಡಿತ ಬೇಡ. ಹೆಸರು ಚೀಟಿಯಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೆರಾಯ್ಡ್ ಬೆರೆತಿರುವ ಅಪಾಯವಿದೆ. ಎರಡೇ ದಿನದಲ್ಲಿ ಪವಾಡದಂತೆ ನೋವು ಹೋದರೆ ಅನುಮಾನಿಸಿ.

ಎಂಟನೆಯ ಹೆಜ್ಜೆ: ಇನ್ನೊಂದು ಆಪರೇಷನ್, ಅಥವಾ ಸ್ಟಿಮ್ಯುಲೇಟರ್

ಡಿಸ್ಕ್ ಮತ್ತೆ ಹೊರಚಾಚಿ ನರ ಒತ್ತಿದೆ, ಸ್ಕ್ರೂ ಸಡಿಲವಾಗಿದೆ, ಮೂಳೆ ಅಲುಗುತ್ತಿದೆ, ಸೋಂಕಿದೆ ಎಂದು ಚಿತ್ರವೂ ಪರೀಕ್ಷೆಯೂ ಒಂದೇ ಮಾತು ಹೇಳಿದಾಗ ಮರು ಆಪರೇಷನ್ ಸರಿಯಾದ ನಿರ್ಧಾರ. ಬರೀ ಗಾಯದ ಕಲೆಗಾಗಿ, ಅಥವಾ ‘ಒಮ್ಮೆ ತೆರೆದು ನೋಡೋಣ’ ಎಂದು ಮಾಡುವುದರಿಂದ ಹೊಸ ಕಲೆಯೇ ಹೆಚ್ಚು. ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಹಳೆಯ ಲೆಕ್ಕವೊಂದಿದೆ: ಎರಡನೆಯ ಆಪರೇಷನ್ನಿನಲ್ಲಿ ಯಶಸ್ಸು ನೂರಕ್ಕೆ 30, ಮೂರನೆಯದರಲ್ಲಿ 15, ನಾಲ್ಕನೆಯದರಲ್ಲಿ 5. ಆದ್ದರಿಂದ ನಿಮ್ಮ ಹಿಂದಿನ ಆಪರೇಷನ್ ಮಾಡಿರದ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆದು, “ಇದರಿಂದ ನನ್ನ ಕಾಲುನೋವು ತಗ್ಗುತ್ತದೋ, ಸೊಂಟನೋವೋ? ಮಾಡದಿದ್ದರೆ ಏನಾಗುತ್ತದೆ?” ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಕೇಳಿ.

ಆಪರೇಷನ್ನಿಗೆ ಕಾರಣ ಕಾಣದೆ, ಕಾಲಿನ ನರನೋವು ಯಾವುದಕ್ಕೂ ಬಗ್ಗದಿದ್ದಾಗ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಎಂಬ ಸಾಧನವಿದೆ. ಇದನ್ನು ಮೊದಲು ಮನುಷ್ಯನಿಗೆ ಅಳವಡಿಸಿದ್ದು 1967ರಲ್ಲಿ. ಬೆನ್ನುಹುರಿಯ ಹೊರಪದರದ ಬಳಿ ತೆಳು ತಂತಿಗಳನ್ನಿಟ್ಟು ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ನೋವಿನ ಸಂದೇಶ ಮೆದುಳಿಗೆ ಮುಟ್ಟುವುದನ್ನು ತಗ್ಗಿಸುತ್ತದೆ. ಮೊದಲು ಬ್ಯಾಟರಿ ಹೊರಗಿಟ್ಟು ಸುಮಾರು ಒಂದು ವಾರ ಪ್ರಯೋಗ ಮಾಡುತ್ತಾರೆ. ನೋವು ಅರ್ಧದಷ್ಟಾದರೂ ತಗ್ಗಿದರೆ ಮಾತ್ರ ಬ್ಯಾಟರಿಯನ್ನು ಚರ್ಮದಡಿ ಶಾಶ್ವತವಾಗಿ ಇಡುತ್ತಾರೆ. ಆಪರೇಷನ್ ನಂತರದ ಕಾಲುನೋವಿದ್ದ 100 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಹೊತ್ತಿಗೆ ಈ ಸಾಧನ ಪಡೆದವರಲ್ಲಿ ನೂರಕ್ಕೆ 48 ಮಂದಿಗೆ ಕಾಲುನೋವು ಅರ್ಧದಷ್ಟಾದರೂ ತಗ್ಗಿತ್ತು; ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ನೂರಕ್ಕೆ 9 ಮಂದಿಗೆ ಮಾತ್ರ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಾಮರ್ಶೆ ಸೊಂಟನೋವಿಗೆ ಇದರ ದೀರ್ಘಕಾಲದ ಲಾಭವನ್ನು ಪ್ರಶ್ನಿಸಿದೆ. ಖರ್ಚು ಹಲವು ಲಕ್ಷ, ತಂತಿ ಸರಿಯುವ, ಸೋಂಕಾಗುವ ಅಪಾಯಗಳೂ ಇವೆ. ಪ್ರಯೋಗದ ವಾರದಲ್ಲಿ ಹಾಸಿಗೆಯಲ್ಲಿ ಮಲಗಿ ಅಂಕ ಹಾಕಬೇಡಿ. ನಡೆದು, ಕುಳಿತು, ಮೆಟ್ಟಿಲು ಹತ್ತಿ ನೋಡಿ.

ಎಲ್ಲಿಗೆ ಹೋಗುವುದು, ಹಣದ ದಾರಿ ಯಾವುದು

ಹಾಸನದವರು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿಂದ, ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಿಂದ ಆರಂಭಿಸುವುದು ಒಳ್ಳೆಯದು. ಮೂಳೆ ವಿಭಾಗದ ತಪಾಸಣೆ, ರಕ್ತಪರೀಕ್ಷೆ, ಫಿಸಿಯೋಥೆರಪಿ ಅಲ್ಲೇ ಆಗುತ್ತವೆ. ಮುಂದಿನ ಹಂತಕ್ಕೆ ಬೇಕಾಗುವ ರೆಫರಲ್ ಪತ್ರವೂ ಸಿಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ಹಾಲಿನ ಸೊಸೈಟಿಯೂ ಸೇರಿದಂತೆ ಸಹಕಾರ ಸಂಘಗಳ ಸದಸ್ಯರು ಯಶಸ್ವಿನಿ ಯೋಜನೆಯನ್ನೂ ವಿಚಾರಿಸಬೇಕು. ನಿಮಗೆ ಬರೆದುಕೊಟ್ಟ ನಿರ್ದಿಷ್ಟ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರ ಬಳಿ ಕೇಳಿ. ತಿಂಗಳ ಮಾತ್ರೆಗಳಿಗೆ ಜನೌಷಧಿ ಕೇಂದ್ರದಲ್ಲಿ ಖರ್ಚು ಬಹಳ ಇಳಿಯುತ್ತದೆ.

ನೋವುಚಿಕಿತ್ಸೆಯ ವಿಶೇಷ ವಿಭಾಗಗಳಿಗೆ ಬೆಂಗಳೂರು ಅಥವಾ ಮಂಗಳೂರಿಗೆ ಹೋಗಬೇಕಾಗುತ್ತದೆ. ಹಾಸನದಿಂದ ಬೆಂಗಳೂರಿಗೆ ಶ್ರವಣಬೆಳಗೊಳ, ಕುಣಿಗಲ್ ಮೂಲಕ ರೈಲಿದೆ. ಎದ್ದು ನಿಲ್ಲಲು, ನಾಲ್ಕು ಹೆಜ್ಜೆ ಓಡಾಡಲು ಅವಕಾಶವಿರುವುದರಿಂದ ನಾನು ಬಸ್ಸಿಗಿಂತ ಅದನ್ನೇ ಆರಿಸಿಕೊಳ್ಳುತ್ತೇನೆ. ಮಂಗಳೂರಿಗೆ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವವರು ಹಿಂಚಕ್ರದ ಮೇಲಿನ ಸೀಟು ಬಿಟ್ಟು ಬಸ್ಸಿನ ಮಧ್ಯದಲ್ಲಿ ಕೂರಲಿ, ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟುಕೊಳ್ಳಲಿ.

ಯಾವ ಚಿಕಿತ್ಸೆ ಶುರುವಾದರೂ ಆರು ವಾರಕ್ಕೆ ಕ್ಯಾಲೆಂಡರ್ ಹಿಡಿದು ವೈದ್ಯರ ಮುಂದೆ ಕುಳಿತು, ಉಪಯೋಗವಾಗದ ಮಾತ್ರೆಯನ್ನು ಇಳಿಸಿ ನಿಲ್ಲಿಸಲು, ಉಪಯೋಗವಾದದ್ದನ್ನು ಮುಂದುವರಿಸಲು ಕೇಳಿ. ಅಂಕದ ಜೊತೆ ಕೆಲಸವನ್ನೂ ಅಳೆಯಿರಿ. ನನ್ನ ಸೊಂಟದ ಅಂಕ ಏಳರಿಂದ ನಾಲ್ಕಕ್ಕೆ ಇಳಿದು ಅಲ್ಲೇ ನಿಂತಿದೆ. ಆದರೆ ಕಳೆದ ಡಿಸೆಂಬರಿನ ಕೊಯ್ಲಿನಲ್ಲಿ ದಿನಕ್ಕೆ ಎರಡು ಗಂಟೆ ಅರೇಬಿಕಾ ಗಿಡಗಳ ನಡುವೆ ನಿಂತು ಹಣ್ಣು ಬಿಡಿಸಿದ್ದೇನೆ, ಕ್ಯಾಲೆಂಡರಿನ ಚೌಕದಲ್ಲಿ ಅದನ್ನೂ ಬರೆದಿದ್ದೇನೆ.